ಸಾಮಾಯಿಕದ ಮಣೆಯೂ ಬಾಗಿಲ ನಾಯಿಯೂ

ಭಾದ್ರಪದ ಶುದ್ಧ ಚತುರ್ದಶಿಯ ಪ್ರಾತಃಕಾಲ. ದಶಲಕ್ಷಣ ಪರ್ವದ ಕಡೆಯ ದಿನ. ರಾಯಬಾಗದ ಸೀಮೆಯಲ್ಲಿ ಕಬ್ಬಿನ ತೋಟದ ನಡುವೆ ಇರುವ ಒಂದು ಶ್ರಾವಕರ ಮನೆಯನ್ನು ಊಹಿಸಿಕೊಳ್ಳಬಹುದು. ಹಿರಿಯರೆಲ್ಲರಿಗೂ ಅಂದು ಉಪವಾಸ. ಮಕ್ಕಳಿಗೆ ಹಾಲು-ಹಣ್ಣಿನ ವ್ಯವಸ್ಥೆಯಾಗಿದೆ, ಒಲೆ ಹೊತ್ತಿಲ್ಲ. ಮನೆಯ ಅಜ್ಜನು ಪೂರ್ವಾಭಿಮುಖನಾಗಿ ಮಣೆಯ ಮೇಲೆ ಪದ್ಮಾಸನದಲ್ಲಿ ಕುಳಿತು ಎರಡು ಘಳಿಗೆಯ ಸಾಮಾಯಿಕವನ್ನು ಸಂಕಲ್ಪಿಸಿದ್ದಾನೆ. ಅಷ್ಟರಲ್ಲಿ ಮನೆಯ ಮುದಿ ನಾಯಿ ಮೆಲ್ಲಗೆ ಒಳಗೆ ಬಂದು ಅವನ ಮೊಣಕಾಲಿಗೆ ಮೂತಿಯನ್ನೊತ್ತಿ ಕುಂಯ್‌ಗುಟ್ಟುತ್ತದೆ. ಅಜ್ಜನು ಕಣ್ಣು ತೆರೆದು ಗದರಿಸುತ್ತಾನೆ. ಸೊಸೆ ಓಡಿ ಬಂದು ನಾಯಿಯನ್ನು ಎಳೆದೊಯ್ದು ಹಿತ್ತಲಿನ ಗೂಟಕ್ಕೆ ಕಟ್ಟುತ್ತಾಳೆ. ಬಳಿಕ ಎಲ್ಲರೂ ಬಸದಿಗೆ ಹೋಗುತ್ತಾರೆ. ಅಭಿಷೇಕ, ಪೂಜೆ, ಶಾಸ್ತ್ರಶ್ರವಣಗಳನ್ನು ಮುಗಿಸಿ ಸಂಜೆ ಮರಳಿದಾಗ ನಾಯಿ ಅದೇ ಗೂಟದ ಬಳಿ ನಾಲಗೆ ಚಾಚಿಕೊಂಡು ಬಿದ್ದಿದೆ. ಮೊಮ್ಮಗನು ಕೇಳುತ್ತಾನೆ: "ಅಜ್ಜಾ, ನಾಯಿನೂ ಇವತ್ತ ಉಪಾಸ ಹಿಡದೈತೇನು?"

ಮಗುವಿನ ಪ್ರಶ್ನೆ ಸಣ್ಣದಾಗಿ ಕಂಡರೂ ಅದಕ್ಕೆ ಉತ್ತರ ಕೊಡುವುದು ಸುಲಭವಲ್ಲ. ಏಕೆಂದರೆ ಅದರೊಳಗೆ ಮೂರು ಪ್ರಶ್ನೆಗಳು ಅಡಗಿವೆ. ನಾಯಿಯ ಸಾನ್ನಿಧ್ಯದಿಂದ ಗೃಹಸ್ಥನ ಸಾಮಾಯಿಕವು ಕೆಡುವುದೆ? ವ್ರತಿಕನ ಮನೆಯಲ್ಲಿ ನಾಯಿಯನ್ನು ಸಾಕುವುದು ಉಚಿತವೆ? ಸಾಕಿದ ಮೇಲೆ, ಮನೆಯವರ ವ್ರತೋಪವಾಸಗಳಲ್ಲಿ ಆ ಮೂಕಜೀವಿಗೆ ಯಾವ ಪಾಲು? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಶ್ರಾವಕರಿಗೆ ಇವು ಪುಸ್ತಕದ ಪ್ರಶ್ನೆಗಳಲ್ಲ. ಇಲ್ಲಿಯ ಅನೇಕ ಕುಟುಂಬಗಳು ಒಕ್ಕಲುತನವನ್ನೇ ನಂಬಿವೆ. ಊರ ಹೊರಗಿನ ತೋಟದ ಮನೆಗಳಲ್ಲಿ ಕಾವಲಿಗೆ ನಾಯಿ ಇರುವುದು ಹಿಂದಿನಿಂದ ನಡೆದುಬಂದ ರೂಢಿ. ಪೇಟೆಯ ಮನೆಗಳಲ್ಲಿಯೋ ಈಗ ಕಾವಲಿಗಿಂತ ಅಕ್ಕರೆಗಾಗಿ ನಾಯಿ ಸಾಕುವವರು ಹೆಚ್ಚಿದ್ದಾರೆ. 2015ರಿಂದ ಜೂನ್ 21ನೆಯ ದಿನವು ಅಂತರರಾಷ್ಟ್ರೀಯ ಯೋಗದಿನವಾಗಿ ಆಚರಿಸಲ್ಪಡುತ್ತಿರುವುದರಿಂದ ತರುಣರೂ ಮನೆಯಲ್ಲಿ ಚಾಪೆ ಹಾಸಿ ಆಸನಗಳನ್ನು ಮಾಡತೊಡಗಿದ್ದಾರೆ. ಮನುಷ್ಯನು ನೆಲದ ಮೇಲೆ ಕುಳಿತನೆಂದರೆ ನಾಯಿಗೆ ಅದು ಆಟದ ಕರೆಯೆಂದೇ ತೋರುತ್ತದೆ. ಅದು ಬರುತ್ತದೆ, ಮೂಸುತ್ತದೆ, ಮುಖವನ್ನು ನೆಕ್ಕುತ್ತದೆ. ಆಗ ಧ್ಯಾನವೆಲ್ಲಿ ಉಳಿಯಿತು, ಎಂಬುದು ಹಲವರ ಆಕ್ಷೇಪ.

ಮೊದಲು ಯೋಗವೆಂಬ ಶಬ್ದವನ್ನೇ ವಿಚಾರಿಸಬೇಕು. ಲೋಕರೂಢಿಯಲ್ಲಿ ಯೋಗವೆಂದರೆ ಆಸನ, ಪ್ರಾಣಾಯಾಮ. ಜಿನಾಗಮದ ಪರಿಭಾಷೆ ಬೇರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಆರಂಭದಲ್ಲಿಯೇ ಕಾಯ, ವಚನ, ಮನಸ್ಸುಗಳ ಕ್ರಿಯೆಯನ್ನು ಯೋಗವೆಂದು ಕರೆದು, ಅದೇ ಆಸ್ರವದ ದ್ವಾರವೆಂದು ತಿಳಿಸಿದ್ದಾರೆ. ಹಾಗೆಂದು ಜೈನರಿಗೆ ಆಸನಗಳು ಪರಕೀಯವೆಂದು ತಿಳಿಯಬಾರದು. ಶುಭಚಂದ್ರಾಚಾರ್ಯರ ಜ್ಞಾನಾರ್ಣವದಲ್ಲಿ ಪರ್ಯಂಕ, ವೀರ, ಪದ್ಮ, ಕಾಯೋತ್ಸರ್ಗ ಮೊದಲಾದ ಆಸನಗಳ ವಿಚಾರವಿದೆ. ಆದರೆ ಅವು ಸಾಧನಗಳು. ದೇಹವು ಅಲುಗದೆ ಕುಳಿತು ಮನಸ್ಸು ಅಂಗಳದಲ್ಲಿ ಅಲೆಯುತ್ತಿದ್ದರೆ ಯೋಗವು ನಿಂತಂತಾಗಲಿಲ್ಲ; ಮೂರರಲ್ಲಿ ಒಂದು ಬಾಗಿಲನ್ನು ಮುಚ್ಚಿ ಎರಡನ್ನು ತೆರೆದಿಟ್ಟಂತಾಯಿತು.

ಸಾಮಾಯಿಕ ಶಿಕ್ಷಾವ್ರತದ ಅತಿಚಾರಗಳು ಐದು. ಮನೋದುಷ್ಪ್ರಣಿಧಾನ, ವಚನದುಷ್ಪ್ರಣಿಧಾನ, ಕಾಯದುಷ್ಪ್ರಣಿಧಾನಗಳೆಂಬ ಮೂರು, ಅನಾದರ ನಾಲ್ಕನೆಯದು, ಸ್ಮೃತ್ಯನುಪಸ್ಥಾನ, ಎಂದರೆ ಮಾಡಬೇಕಾದುದರ ನೆನಪೇ ತಪ್ಪಿಹೋಗುವುದು, ಐದನೆಯದು. ಈ ಐದರಲ್ಲಿ ಒಂದಾದರೂ ಹೊರಗಿನಿಂದ ಬಂದು ತಾಗುವಂಥದಲ್ಲ. ನಾಯಿ ಬಂದು ಮುಟ್ಟಿದರೆ ಸಾಮಾಯಿಕವು ಭಂಗವಾಯಿತೆಂದು ಈ ಪಟ್ಟಿಯಲ್ಲಿಲ್ಲ. ಮುಟ್ಟಿದುದಕ್ಕೆ ಮನಸ್ಸಿನಲ್ಲಿ ಸಿಡುಕು ಹುಟ್ಟಿದರೆ ಮೊದಲನೆಯ ಅತಿಚಾರ. ಬಾಯಿ ತೆರೆದು ಗದರಿದರೆ ಎರಡನೆಯದು. ಕೈಯೆತ್ತಿ ತಳ್ಳಿದರೆ ಮೂರನೆಯದು. ಮೇಲಿನ ಪ್ರಸಂಗದಲ್ಲಿ ಅಜ್ಜನ ಸಾಮಾಯಿಕವನ್ನು ಕೆಡಿಸಿದುದು ನಾಯಿಯ ಮೂತಿಯಲ್ಲ, ಅಜ್ಜನ ಬಾಯಿ.

ಇದರಿಂದ ನಾಯಿಯನ್ನು ಮಗ್ಗುಲಲ್ಲಿ ಕೂಡಿಸಿಕೊಂಡೇ ಸಾಮಾಯಿಕ ಮಾಡಬೇಕೆಂದು ಅರ್ಥವಾಗುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಾಮಾಯಿಕಕ್ಕೆ ಏಕಾಂತವೂ ವಿಕ್ಷೇಪರಹಿತವೂ ಆದ ಸ್ಥಳವನ್ನು ವಿಧಿಸಿದ್ದಾರೆ; ಅದು ವನವಾಗಬಹುದು, ಮನೆಯಾಗಬಹುದು, ಚೈತ್ಯಾಲಯವಾಗಬಹುದು. ಆದುದರಿಂದ ಕುಳಿತುಕೊಳ್ಳುವ ಮೊದಲೇ ಕೋಣೆಯ ಬಾಗಿಲನ್ನು ಮುಂದುಮಾಡುವುದು, ನಾಯಿಗೆ ನೀರು-ಅನ್ನವನ್ನಿಟ್ಟು ಅದನ್ನು ತೃಪ್ತಿಪಡಿಸುವುದು ವಿವೇಕ. ಹಸಿದ ಪ್ರಾಣಿಯು ಕುಂಯ್‌ಗುಡುವುದು ಉಪದ್ರವವಲ್ಲ, ಬಿನ್ನಹ. ಆ ಬಿನ್ನಹವನ್ನು ಮೊದಲೇ ನೆರವೇರಿಸಿದವನಿಗೆ ಎರಡು ಘಳಿಗೆ, ಎಂದರೆ 48 ನಿಮಿಷ, ಶಾಂತವಾಗಿ ಸಿಗುವುದು. ಇಷ್ಟು ಮಾಡಿದ ಮೇಲೆಯೂ ನಾಯಿ ಬಂದು ತೊಡೆಯ ಬಳಿ ಮಲಗಿತೆನ್ನೋಣ. ಆಗ ಅದೇ ಗ್ರಂಥದ ಮುಂದಿನ ಬೋಧೆ ಅನ್ವಯಿಸುತ್ತದೆ: ಸಾಮಾಯಿಕದಲ್ಲಿರುವ ಶ್ರಾವಕನು ಚಳಿ, ಬಿಸಿಲು, ಸೊಳ್ಳೆ-ನೊಣಗಳ ಬಾಧೆಯನ್ನೂ ಉಪಸರ್ಗವನ್ನೂ ಮೌನದಿಂದ ಸಹಿಸಬೇಕು. ಆ ಹೊತ್ತಿನಲ್ಲಿ ಅವನು ಮೈಮೇಲೆ ಬಟ್ಟೆ ಬಿದ್ದಿರುವ ಮುನಿಗೆ ಸಮಾನನೆಂಬುದು ಆಚಾರ್ಯರ ಅಭಿಪ್ರಾಯ. ಸೊಳ್ಳೆಯ ಕಡಿತವನ್ನು ಸಹಿಸಬೇಕಾದವನಿಗೆ ನಾಯಿಯ ಪ್ರೀತಿಯನ್ನು ಸಹಿಸುವುದು ಅಸಾಧ್ಯವೆ?

ಈ ವಿಷಯದಲ್ಲಿ ಕಣ್ಣೆದುರಿಗೇ ಉದಾಹರಣೆಗಳಿವೆ. ನೆರೆಯ ಕೊಲ್ಹಾಪುರ ಜಿಲ್ಲೆಯ ಕುಂಭೋಜ ಬಾಹುಬಲಿ ಕ್ಷೇತ್ರದಲ್ಲಿ 1963ರಲ್ಲಿ ಪ್ರತಿಷ್ಠಿತವಾದ 28 ಅಡಿಯ ಬಾಹುಬಲಿ ಬಿಂಬವನ್ನು ಈ ಭಾಗದ ಶ್ರಾವಕರಲ್ಲಿ ದರ್ಶನಮಾಡದವರು ವಿರಳ. ಶ್ರವಣಬೆಳಗೊಳದ ಮೂರ್ತಿಯಲ್ಲಿ ಭಗವಂತನ ಕಾಲೆಡೆಯಲ್ಲಿ ಹುತ್ತಗಳೂ, ಅವುಗಳಿಂದ ಇಣುಕುವ ಸರ್ಪಗಳೂ, ತೋಳನ್ನೇರಿದ ಬಳ್ಳಿಗಳೂ ಇವೆ. ಒಂದು ವರ್ಷದ ಪ್ರತಿಮಾಯೋಗದಲ್ಲಿ ಆ ಮಹಾತ್ಮನು ಪ್ರಾಣಿಗಳನ್ನು ಓಡಿಸಿ ಏಕಾಂತವನ್ನು ಸಂಪಾದಿಸಲಿಲ್ಲ. ತಾನು ನಿಶ್ಚಲನಾದುದರಿಂದ ಪ್ರಾಣಿಗಳಿಗೆ ಅವನಿಂದ ಭಯ ಉಳಿಯಲಿಲ್ಲ. ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು (1872–1955) ಚಿಕ್ಕೋಡಿ ಸೀಮೆಯ ಭೋಜ ಗ್ರಾಮದ ಒಕ್ಕಲು ಮನೆತನದವರು. ಅವರು ಗೃಹಸ್ಥಾಶ್ರಮದಲ್ಲಿದ್ದಾಗ ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸುತ್ತಿರಲಿಲ್ಲ, ಅವುಗಳಿಗೆ ಕುಡಿಯುವ ನೀರನ್ನೂ ಇಡುತ್ತಿದ್ದರು ಎಂದು ಅವರ ಜೀವನಚರಿತ್ರೆ ಹೇಳುತ್ತದೆ. ಮುಂದೆ ಧ್ಯಾನಸ್ಥರಾಗಿದ್ದಾಗ ಸರ್ಪವು ಮೈಮೇಲೆ ಹರಿದರೂ ಅವರು ಚಲಿಸಲಿಲ್ಲವೆಂಬುದೂ ಅಲ್ಲಿಯೇ ದಾಖಲಾಗಿದೆ. ಈ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬಾರದು. ಹೊಲದಲ್ಲಿ ಹಕ್ಕಿಯನ್ನು ಓಡಿಸದ ಕೈಯೇ ಮುಂದೆ ಸರ್ಪಕ್ಕೂ ಅಲುಗದಾಯಿತು.

ಆದರೆ ಮಡಿಯ ಮಾತೇನು, ಎಂದು ಶ್ರಾವಿಕೆಯರು ಕೇಳುವುದು ಸಹಜ. ಅಭಿಷೇಕ, ಪೂಜೆಗಳಿಗೆ ದೇಹಶುದ್ಧಿ ಬೇಕು. ಮುನಿಗಳ ಆಹಾರಕ್ಕೆ ಚೌಕದ ಶುದ್ಧಿ ಬೇಕು. ನಾಯಿ ಮುಟ್ಟಿದ ಮೇಲೆ ಸ್ನಾನಮಾಡಿ ಮಡಿವಸ್ತ್ರವನ್ನುಟ್ಟು ಪೂಜೆಗೆ ಹೋಗುವುದು, ಚೌಕದ ಸಮೀಪಕ್ಕೆ ನಾಯಿಯನ್ನು ಬಿಡದಿರುವುದು ಆಚಾರ; ಅದನ್ನು ಪಾಲಿಸಲೇಬೇಕು. ಆದರೆ ಮಡಿಯು ಪೂಜಾದ್ರವ್ಯವನ್ನು ಕಾಯುವ ಬೇಲಿ. ಅದು ಜೀವದ ಮೇಲಿನ ಜುಗುಪ್ಸೆಯಾಗಿ ಮಾರ್ಪಟ್ಟರೆ ಬೇಲಿಯೇ ಹೊಲವನ್ನು ಮೇಯ್ದಂತೆ. ಇದಕ್ಕೆ ಜೀವಂಧರಸ್ವಾಮಿಯ ಕಥೆಗಿಂತ ಮೇಲಾದ ನಿದರ್ಶನವಿಲ್ಲ. ವಾದೀಭಸಿಂಹರು ಸಂಸ್ಕೃತದಲ್ಲಿಯೂ, 1424ರಲ್ಲಿ ಭಾಸ್ಕರಕವಿಯು ಕನ್ನಡದ ಷಟ್ಪದಿಯಲ್ಲಿಯೂ ಹೇಳಿದ ಕಥೆಯದು. ಯಜ್ಞದ ಅನ್ನಕ್ಕೆ ಬಾಯಿಹಾಕಿತೆಂಬ ಕಾರಣಕ್ಕೆ ಜನರು ಒಂದು ನಾಯಿಯನ್ನು ಸಾಯಬಡಿದರು. ಜೀವಂಧರನು ಅದನ್ನು ಬದುಕಿಸಲಾರದೆ, ಅದರ ಮಗ್ಗುಲಲ್ಲಿ ಕುಳಿತು ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಉಚ್ಚರಿಸಿದನು. ಆ ಜೀವವು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಮುಂದೆ ಅವನಿಗೆ ನೆರವಾಯಿತು. ಬಡಿದವರೂ ಶುದ್ಧಿಯ ಹೆಸರಿನಲ್ಲಿಯೇ ಬಡಿದರು. ಕಥೆಯನ್ನು ಕೇಳಿದ ಶ್ರಾವಕನು ತಾನು ಆ ಗುಂಪಿನಲ್ಲಿ ಯಾವ ಕಡೆಗೆ ನಿಂತಿರುವೆನೆಂದು ಪ್ರತಿ ಸಲವೂ ಕೇಳಿಕೊಳ್ಳಬೇಕು. ಸಮಂತಭದ್ರರು ಕೂಡ ಧರ್ಮದಿಂದ ಜೀವವು ಏರುವುದನ್ನೂ ಪಾಪದಿಂದ ಇಳಿಯುವುದನ್ನೂ ತೋರಿಸಲು ನಾಯಿ ಮತ್ತು ದೇವ ಎಂಬ ಎರಡು ಪರ್ಯಾಯಗಳನ್ನೇ ಆರಿಸಿಕೊಂಡರೆಂಬುದು ಗಮನಾರ್ಹ.

ಇನ್ನು ಎರಡನೆಯ ಪ್ರಶ್ನೆ, ಮೊದಲನೆಯದಕ್ಕಿಂತ ಕಠಿಣವಾದುದು. ವ್ರತಿಕನು ನಾಯಿಯನ್ನು ಸಾಕಬಹುದೆ? ಇಲ್ಲಿ ಶಾಸ್ತ್ರದ ಎಚ್ಚರಿಕೆಯನ್ನು ಮರೆಮಾಚಬಾರದು. ಸ್ವಾಮಿಕುಮಾರರ ಕಾರ್ತಿಕೇಯಾನುಪ್ರೇಕ್ಷೆಯಲ್ಲಿ ಅನರ್ಥದಂಡದ ವಿವರಣೆಯಲ್ಲಿ ಬೆಕ್ಕು ಮೊದಲಾದ ಪ್ರಾಣಿಗಳನ್ನು ಸಾಕುವುದನ್ನು ಆಯುಧಗಳ ವ್ಯಾಪಾರದ ಜೊತೆಯಲ್ಲಿಯೇ ಎಣಿಸಲಾಗಿದೆ. ಈ ಪ್ರಾಕೃತ ಗ್ರಂಥವನ್ನು ಪರಿಶೋಧಿಸಿ 1960ರಲ್ಲಿ ಪ್ರಕಟಿಸಿದವರು ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು (1906–1975) ಎಂಬುದು ಈ ಸೀಮೆಗೆ ಅಭಿಮಾನದ ಸಂಗತಿ. ಬೆಕ್ಕಿಗೂ ಆಯುಧಕ್ಕೂ ಏನು ಸಂಬಂಧ? ಎರಡೂ ಕೊಲ್ಲುವ ಸಾಧನಗಳು. ಇಲಿಗಳನ್ನು ಕೊಲ್ಲಿಸಲೆಂದು ಬೆಕ್ಕನ್ನು ಸಾಕಿದವನು ತನ್ನ ಕೈಯನ್ನು ಬಳಸಲಿಲ್ಲವೆಂಬುದು ಮಾತ್ರ ನಿಜ. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದಾರಿಗಳಲ್ಲಿ ಎರಡನೆಯದರಿಂದ ಪಾಪವು ಮನೆಯೊಳಗೆ ಬಂದೇಬಂದಿತು.

ಈ ತರ್ಕವನ್ನು ನಾಯಿಗೆ ಹಚ್ಚಿ ನೋಡಿದರೆ ಉತ್ತರವು ಸಾಕುವವನ ಉದ್ದೇಶವನ್ನು ಅವಲಂಬಿಸುತ್ತದೆ. ರಾಯಬಾಗಕ್ಕೆ ದೂರವಲ್ಲದ ಮುಧೋಳದ ಬೇಟೆನಾಯಿ ಪ್ರಸಿದ್ಧವಾದುದು. 2005ರಲ್ಲಿ ಭಾರತದ ಅಂಚೆ ಇಲಾಖೆಯು ಅದರ ಚಿತ್ರದ ಅಂಚೆಚೀಟಿಯನ್ನೂ ಹೊರಡಿಸಿತು. ಅದೇ ನಾಯಿಯನ್ನು ಮೊಲದ ಬೇಟೆಗೆ ಬಿಡುವವನು ಹಿಂಸಾದಾನದ ಅಪರಾಧಿ. ತೋಟದ ಅಂಚಿನಲ್ಲಿ ಬೊಗಳಿ ಎಚ್ಚರಿಸಲೆಂದು ಇಟ್ಟುಕೊಂಡವನು ಹಾಗಲ್ಲ. ಆಹಾರದ ದೃಷ್ಟಿಯಿಂದಲೂ ಭೇದವಿದೆ. ಬೆಕ್ಕಿನ ದೇಹವು ಸ್ವಭಾವತಃ ಮಾಂಸವನ್ನೇ ಬೇಡುತ್ತದೆ. ನಾಯಿಯು ಮನುಷ್ಯನ ಸಂಗಡ ಸಹಸ್ರಾರು ವರ್ಷ ಬಾಳಿದ ಪ್ರಾಣಿ. ತೋಳಕ್ಕೆ ಹೋಲಿಸಿದರೆ ಧಾನ್ಯದ ಪಿಷ್ಟವನ್ನು ಜೀರ್ಣಿಸಿಕೊಳ್ಳುವ ಶಕ್ತಿ ನಾಯಿಯಲ್ಲಿ ಬಹಳ ಹೆಚ್ಚಾಗಿ ಬೆಳೆದಿದೆ ಎಂಬುದು 2013ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನದಿಂದ ತಿಳಿದುಬಂದಿದೆ. ರೊಟ್ಟಿ, ಅನ್ನ, ಬೇಳೆ, ಹಾಲು-ಮಜ್ಜಿಗೆಗಳ ಮೇಲೆ ಈ ಭಾಗದ ಜೈನರ ಮನೆಗಳಲ್ಲಿ ನಾಯಿಗಳು ಬದುಕಿಕೊಂಡು ಬಂದಿರುವುದಕ್ಕೆ ಇದೇ ಕಾರಣ. ಮಾಂಸದ ಡಬ್ಬಿಯನ್ನು ಕೊಂಡುತಂದು ತಿನ್ನಿಸುವ ಪೇಟೆಯ ಹೊಸ ಪದ್ಧತಿಯು ಮಾತ್ರ ಶ್ರಾವಕನಿಗೆ ಸರ್ವಥಾ ಅಯೋಗ್ಯ. ಮಾಂಸವಿಲ್ಲದೆ ಬಾಳಿಸಲಾರೆನೆಂದು ತೋರುವವನು ನಾಯಿಯನ್ನು ತರದಿರುವುದೇ ಲೇಸು.

ಇಷ್ಟಾದರೂ, ನಾಯಿ ಇದ್ದೆಡೆ ಆಗಾಗ ಹೆಗ್ಗಣವೋ ಹಲ್ಲಿಯೋ ಸಾಯುವುದುಂಟು. ಜನ್ನಕವಿಯ ಯಶೋಧರಚರಿತೆಯಲ್ಲಿ (1209) ಇದರ ಭೀಕರ ಚಿತ್ರವಿದೆ. ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಸಂಕಲ್ಪಹಿಂಸೆಯ ಫಲವಾಗಿ ಯಶೋಧರನು ನವಿಲಾಗಿ, ಅವನ ತಾಯಿ ಚಂದ್ರಮತಿಯು ನಾಯಿಯಾಗಿ ಹುಟ್ಟಿ, ತಮ್ಮದೇ ಅರಮನೆಗೆ ಬಂದು ಸೇರುತ್ತಾರೆ. ಒಂದು ದಿನ ಆ ನಾಯಿ ನವಿಲನ್ನು ಕೊಲ್ಲುತ್ತದೆ. ಸಿಟ್ಟಿಗೆದ್ದ ಅರಸನು ನಾಯಿಯನ್ನು ಹೊಡೆದು ಕೊಲ್ಲುತ್ತಾನೆ. ತಾಯಿ ಮಗನನ್ನು ಕೊಂದಳು, ಮೊಮ್ಮಗನು ಅಜ್ಜಿಯನ್ನು ಕೊಂದನು. ಯಾರು ಯಾರೆಂಬುದನ್ನು ಒಬ್ಬರೂ ಅರಿಯಲಿಲ್ಲ. ಈ ಕಥೆಯಿಂದ ಎರಡು ಪಾಠಗಳು ದೊರೆಯುತ್ತವೆ. ಪ್ರಾಣಿಯನ್ನು ಮನೆಯೊಳಗೆ ಸೇರಿಸಿಕೊಂಡವನು ಅದರ ಹಲ್ಲುಗಳ ಹೊಣೆಯನ್ನೂ ಹೊತ್ತಿದ್ದಾನೆ. ಕೋಳಿ, ಮೊಲ, ಬೆಕ್ಕುಗಳ ಮೇಲೆ ಹಾಯದಂತೆ ಅದನ್ನು ಪಳಗಿಸುವುದು, ನೋಡಿಕೊಳ್ಳುವುದು ಅವನ ಕರ್ತವ್ಯ. ಎರಡನೆಯದು, ಅದು ತಪ್ಪಿದಾಗ ಕೋಲನ್ನೆತ್ತುವ ಮೊದಲು ಈ ಜೀವವು ಯಾವ ಜನ್ಮದ ಯಾವ ಬಂಧುವೋ ಎಂದು ಕೈ ತಡೆಯಬೇಕು.

ಹಾಗಾದರೆ ವ್ರತಗಳಲ್ಲಿ ಮುಂದುವರಿಯಬಯಸುವವನು ಮೊದಲೇ ಸಾಕಿದ ನಾಯಿಯನ್ನು ಏನುಮಾಡಬೇಕು? ಕೆಲವರು ತ್ಯಾಗವನ್ನು ಬಲು ಸುಲಭವೆಂದು ತಿಳಿಯುತ್ತಾರೆ. ನಾಳೆ ಪ್ರತಿಮೆಯನ್ನು ಸ್ವೀಕರಿಸುವೆನೆಂದು ಇಂದು ನಾಯಿಯನ್ನು ಗಾಡಿಗೆ ಹಾಕಿಕೊಂಡು ಕೃಷ್ಣೆಯ ಸೇತುವೆಯ ಆಚೆಗೆ ಬಿಟ್ಟು ಬರುವ ಗೃಹಸ್ಥನೊಬ್ಬನಿದ್ದರೆ, ಅವನು ಏನನ್ನು ತ್ಯಜಿಸಿದನು? ಭಂಗಾರವನ್ನು ತ್ಯಜಿಸಿದರೆ ಭಂಗಾರಕ್ಕೆ ಹಸಿವಾಗುವುದಿಲ್ಲ. ಹೊಲವನ್ನು ಬಿಟ್ಟರೆ ಹೊಲವು ದಾರಿಯಲ್ಲಿ ನಿಂತು ಹಿಂದೆ ತಿರುಗಿ ನೋಡುವುದಿಲ್ಲ. ಪರಿಗ್ರಹಗಳಲ್ಲಿ ಚೇತನ-ಅಚೇತನವೆಂದು ಭೇದ ಮಾಡಿರುವುದು ಸುಮ್ಮನೆ ಅಲ್ಲ. ಅಚೇತನವನ್ನು ಬಿಟ್ಟರೆ ಮಮತೆ ಮಾತ್ರ ಹರಿಯುತ್ತದೆ. ಚೇತನವನ್ನು ಬೀದಿಗೆ ಬಿಟ್ಟರೆ ಮಮತೆಯೊಡನೆ ದಯೆಯೂ ಹರಿದುಹೋಗುತ್ತದೆ. ಪರಿಗ್ರಹತ್ಯಾಗ ಮಾಡುವ ಶ್ರಾವಕನು ಮನೆಯ ಭಾರವನ್ನು ಯೋಗ್ಯನಾದ ಮಗನಿಗೆ ಒಪ್ಪಿಸಿ ಹೊರಡುವ ಕ್ರಮವಿದೆ. ಆ ಭಾರದಲ್ಲಿ ನಾಯಿಯೂ ಸೇರಿದೆ. ಅದನ್ನು ಅಕ್ಕರೆಯಿಂದ ನೋಡಿಕೊಳ್ಳುವ ಕೈಗೆ ಒಪ್ಪಿಸಬೇಕು, ಇಲ್ಲವೆ ಅದರ ಆಯುಷ್ಯ ಮುಗಿಯುವ ತನಕ ಕಾಯಬೇಕು. ಹೊಸದಾಗಿ ತರುವುದಿಲ್ಲವೆಂದು ನಿಯಮ ಮಾಡಿಕೊಳ್ಳಲು ಅಡ್ಡಿಯಿಲ್ಲ. ಇರುವುದನ್ನು ಬಿಸುಡುವ ನಿಯಮವಿಲ್ಲ. ಲೌಕಿಕ ಕಾನೂನು ಕೂಡ ಇದನ್ನೇ ಹೇಳುತ್ತದೆ. 1960ರ ಪ್ರಾಣಿಹಿಂಸಾ ನಿವಾರಣ ಕಾನೂನಿನ ಪ್ರಕಾರ, ಸಾಕಿದ ಪ್ರಾಣಿಗೆ ಸಾಕಷ್ಟು ಅನ್ನ-ನೀರು ಕೊಡದಿರುವುದೂ, ಹಸಿದು ನರಳುವ ಸ್ಥಿತಿಯಲ್ಲಿ ಅದನ್ನು ಬಿಟ್ಟುಹೋಗುವುದೂ ಅಪರಾಧಗಳು.

ಈಗ ಮಗುವಿನ ಪ್ರಶ್ನೆಗೆ ಬರಬಹುದು. ನಾಯಿಯೂ ಉಪವಾಸ ಹಿಡಿದಿದೆಯೆ? ತಿರ್ಯಂಚರಿಗೆ ವ್ರತವೇ ಇಲ್ಲವೆಂದು ಜಿನಾಗಮವು ಹೇಳುವುದಿಲ್ಲ. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚವು ದೇಶಸಂಯಮದ ಐದನೆಯ ಗುಣಸ್ಥಾನದವರೆಗೆ ಏರಬಲ್ಲದು. ಮಹಾವೀರ ಭಗವಂತನ ಜೀವವು ಹಿಂದೆ ಸಿಂಹವಾಗಿದ್ದಾಗ ಚಾರಣಮುನಿಗಳ ಉಪದೇಶವನ್ನು ಕೇಳಿ, ಕೊಲ್ಲುವುದನ್ನು ಬಿಟ್ಟು, ಆಹಾರವನ್ನು ತ್ಯಜಿಸಿ ದೇಹವಿಟ್ಟಿತೆಂದು ಪುರಾಣವು ಸಾರುತ್ತದೆ. ಪಾರ್ಶ್ವನಾಥನ ಪೂರ್ವಭವದ ಆನೆಯೂ ವ್ರತಗಳನ್ನು ಧರಿಸಿತ್ತು. ಆದರೆ ಆ ಸಿಂಹವನ್ನು ಯಾರೂ ಗೂಟಕ್ಕೆ ಕಟ್ಟಿರಲಿಲ್ಲ. ಬೇಟೆ ಎದುರಿಗಿದ್ದೂ ಅದು ಬಿಟ್ಟಿತು. ತನ್ನ ಅರಿವಿನಿಂದ ಬಿಟ್ಟುದೇ ಉಪವಾಸ. ಪರರು ಕಿತ್ತುಕೊಂಡುದು ಬರಿಯ ಹಸಿವು. ಅಜ್ಜನ ಹೊಟ್ಟೆಯೂ ಅಂದು ಬರಿದಾಗಿತ್ತು, ನಾಯಿಯ ಹೊಟ್ಟೆಯೂ ಬರಿದಾಗಿತ್ತು. ಒಂದರಲ್ಲಿ ಸಂಕಲ್ಪವಿತ್ತು, ಇನ್ನೊಂದರಲ್ಲಿ ಹಗ್ಗವಿತ್ತು.

ಹಗ್ಗದ ಕಡೆಯಿಂದ ನೋಡಿದರೆ ಸಂಗತಿ ಇನ್ನೂ ಗಂಭೀರವಾಗುತ್ತದೆ. ಅಹಿಂಸಾಣುವ್ರತದ ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಐದು. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಹೊರಿಸುವುದು, ಅನ್ನ-ನೀರುಗಳನ್ನು ತಡೆಯುವುದು. ಚತುರ್ದಶಿಯಂದು ಆ ಮನೆಯಲ್ಲಿ ಮೊದಲನೆಯದೂ ಐದನೆಯದೂ ಒಂದೇ ಗೂಟದಲ್ಲಿ ಕೂಡಿಕೊಂಡವು. ಉಪವಾಸವು ಶಿಕ್ಷಾವ್ರತ, ಅಹಿಂಸೆಯು ಅಣುವ್ರತಗಳಲ್ಲಿ ಮೊದಲನೆಯದು. ಮೇಲಿನ ಅಟ್ಟವನ್ನು ಕಟ್ಟುವ ಸಂಭ್ರಮದಲ್ಲಿ ಬುನಾದಿಯ ಕಲ್ಲನ್ನು ಕಿತ್ತಂತಾಯಿತು. ಸೊಸೆಯನ್ನು ದೂರುವುದೂ ಸಲ್ಲದು. ಅವಳು ನಾಯಿಯನ್ನು ಕಟ್ಟಿದುದು ಅಜ್ಜನ ಸಿಟ್ಟಿಗೆ ಹೆದರಿ. ಮನೆಯ ಹಿರಿಯನ ಸಾಮಾಯಿಕವು ಮನೆಯವರಿಗೆ ಭಯವನ್ನುಂಟುಮಾಡಿದರೆ ಅದರಲ್ಲಿ ಸಮತೆ ಎಷ್ಟಿತ್ತೆಂದು ಹಿರಿಯನೇ ವಿಚಾರಿಸಿಕೊಳ್ಳಬೇಕು.

ಒಂದು ಆಕ್ಷೇಪವನ್ನು ಇಲ್ಲಿ ಪರಿಹರಿಸಬೇಕು. ಪ್ರೋಷಧೋಪವಾಸದ ದಿನ ಆರಂಭಗಳನ್ನು, ಎಂದರೆ ಅಡುಗೆ, ಕುಟ್ಟು-ಬೀಸು ಮೊದಲಾದ ಕೆಲಸಗಳನ್ನು ತ್ಯಜಿಸಬೇಕೆಂದು ಶಾಸ್ತ್ರವಿದೆ. ನಾಯಿಗಾಗಿ ಒಲೆ ಹೊತ್ತಿಸಿದರೆ ಆರಂಭದೋಷ ಬಾರದೆ? ಬಂದೀತು. ಆದರೆ ಒಲೆ ಹೊತ್ತಿಸುವುದೂ ಉಣಿಸುವುದೂ ಒಂದೇ ಅಲ್ಲ. ಮಕ್ಕಳಿಗೆಂದು ಕಾಯಿಸಿದ ಹಾಲಿನಲ್ಲಿ ಒಂದು ಪಾಲು ತೆಗೆದಿಡಬಹುದು. ಪೂರ್ಣ ಉಪವಾಸವಿಲ್ಲದವರು ರೊಟ್ಟಿ ಬೇಯಿಸಿ ಹಾಕಬಹುದು. ನೆರೆಯವರಿಗೆ ಹೇಳಿ ಹೋಗಬಹುದು. ಶೋಧಿಸಿದ ನೀರನ್ನು ಇಡುವುದಕ್ಕಂತೂ ಯಾವ ಆರಂಭವೂ ಬೇಕಿಲ್ಲ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಹೇಳಿದ ನಾಲ್ಕು ದತ್ತಿಗಳಲ್ಲಿ ದಯಾದತ್ತಿಯು ಒಂದು. ದೀನಜೀವಿಗಳಿಗೆ ಅಭಯವನ್ನೀಯುವುದೇ ಅದರ ಸ್ವರೂಪ. ಪರ್ವದ ದಿನ ದಾನವು ನಿಷಿದ್ಧವೆಂದು ಯಾರೂ ಹೇಳುವುದಿಲ್ಲ. ಬಾಗಿಲಲ್ಲಿರುವ ನಾಯಿಗೆ ಸಲ್ಲಬೇಕಾದುದು ದಾನಕ್ಕಿಂತಲೂ ಹೆಚ್ಚಿನದು, ಅದು ಋಣ. ಕಾವಲಿನ ಕೂಲಿಯನ್ನು ಅದು ರಾತ್ರಿಯೇ ದುಡಿದು ಮುಗಿಸಿರುತ್ತದೆ.

ಗೃಹಿಣಿಯರ ಉಪಯೋಗಕ್ಕಾಗಿ ಕೆಲವು ವ್ಯಾವಹಾರಿಕ ಮಾತುಗಳು. ನಾಯಿಯ ಊಟವನ್ನೂ ಸೂರ್ಯಾಸ್ತದ ಮೊದಲೇ ಮುಗಿಸುವ ರೂಢಿ ಹಾಕಬೇಕು; ರಾತ್ರಿಯಿಡೀ ಎಂಜಲು ಬೋಗುಣಿಯಲ್ಲಿ ಉಳಿದರೆ ಇರುವೆ, ಹುಳುಗಳು ಮುತ್ತಿ ಸಾಯುತ್ತವೆ. ಪಾರಣೆಯ ದಿನ ಅಕ್ಕರೆಯಿಂದ ದ್ರಾಕ್ಷಿ, ಒಣದ್ರಾಕ್ಷಿಗಳನ್ನು ನಾಯಿಗೆ ಹಾಕಬಾರದು. ಮನುಷ್ಯನಿಗೆ ಹಿತವಾದ ಅವು ನಾಯಿಯ ಮೂತ್ರಪಿಂಡಗಳಿಗೆ ವಿಷವಾಗಬಲ್ಲವು. ದ್ರಾಕ್ಷಿ ಬೆಳೆಯುವ ಅಥಣಿಯ ಕಡೆಯವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಈರುಳ್ಳಿ, ಬೆಳ್ಳುಳ್ಳಿಗಳೂ ನಾಯಿಗೆ ಹಾನಿಕರ. ಕಂದಮೂಲಗಳನ್ನು ತ್ಯಜಿಸಿದ ಮನೆಯ ನಾಯಿಗೆ ಆ ಭಯವಿಲ್ಲ. ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಕಾಲಕಾಲಕ್ಕೆ ತಪ್ಪದೆ ಹಾಕಿಸಬೇಕು. ಆ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಮನುಷ್ಯನಾಗಲಿ ನಾಯಿಯಾಗಲಿ ಉಳಿಯುವುದು ಬಹುತೇಕ ಅಸಂಭವ. ಕಚ್ಚಿಸಿಕೊಂಡವರು ಗಾಯವನ್ನು ಕೂಡಲೆ ಸಾಬೂನು-ನೀರಿನಿಂದ ಹದಿನೈದು ನಿಮಿಷ ತೊಳೆದು ದವಾಖಾನೆಗೆ ಹೋಗಬೇಕು. ಸೂಜಿ ಚುಚ್ಚುವುದು ಹಿಂಸೆಯಲ್ಲವೆ ಎಂದು ಶಂಕಿಸಬೇಕಾಗಿಲ್ಲ. ಪ್ರಮತ್ತಯೋಗದಿಂದ ಪ್ರಾಣಗಳನ್ನು ಹರಿಸುವುದು ಹಿಂಸೆ, ಎಚ್ಚರದಿಂದ ಪ್ರಾಣಗಳನ್ನು ಕಾಯುವುದು ಅದಕ್ಕೆ ವಿರುದ್ಧವಾದುದು. ಕಟ್ಟಲೇಬೇಕಾದಾಗ ನೆರಳಿನಲ್ಲಿ, ಉದ್ದವಾದ ಹಗ್ಗದಿಂದ, ನೀರು ಎಟಕುವಂತೆ, ಬೇಗನೆ ಬಿಚ್ಚಬರುವಂತೆ ಕಟ್ಟಬೇಕು.

ಅಕ್ಕರೆಯು ಅತಿಯಾದರೂ ದೋಷವೇ. ನಾಯಿಯನ್ನು ಮಗುವೆಂದು ಕರೆದು, ಅದರ ಹುಟ್ಟುಹಬ್ಬಕ್ಕೆ ಸಾವಿರಾರು ರೂಪಾಯಿ ಸುರಿದು, ಮನೆಯ ಆಳಿಗೆ ಹಳಸಲು ಅನ್ನವನ್ನಿಕ್ಕುವವರಲ್ಲಿ ಇರುವುದು ದಯೆಯಲ್ಲ, ರಾಗ. ಅಂಥವರು ನಾಯಿ ಸತ್ತಾಗ ತಿಂಗಳುಗಟ್ಟಲೆ ಇಷ್ಟವಿಯೋಗದ ಆರ್ತಧ್ಯಾನದಲ್ಲಿ ಮುಳುಗುತ್ತಾರೆ. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ನೊಂದವರಲ್ಲಿ ಕಾರುಣ್ಯ, ತಿದ್ದಲಾಗದವರಲ್ಲಿ ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳಲ್ಲಿ ನಾಯಿಗೆ ಮೈತ್ರಿಯೂ ಕಾರುಣ್ಯವೂ ಸಲ್ಲುತ್ತವೆ; ಮಮಕಾರವು ಆ ಪಟ್ಟಿಯಲ್ಲಿಲ್ಲ. ಜೀವಂಧರನು ಸಾಯುವ ನಾಯಿಯನ್ನು ಅಪ್ಪಿಕೊಂಡು ಅಳಲಿಲ್ಲ, ಅದಕ್ಕೆ ಮಂತ್ರವನ್ನು ಕೊಟ್ಟನು. ಮುದಿಯಾದ ನಾಯಿ ಕಡೆಯುಸಿರೆಳೆಯುವಾಗ ಮನೆಯವರು ಬಳಿಯಲ್ಲಿ ಕುಳಿತು ಶಾಂತವಾಗಿ ಣಮೋಕಾರವನ್ನು ಹೇಳುವುದಾದರೆ, ಅಷ್ಟು ವರ್ಷಗಳ ಕಾವಲಿಗೆ ಅದಕ್ಕಿಂತ ದೊಡ್ಡ ಪ್ರತಿಫಲವಿಲ್ಲ.

ಆಚಾರ್ಯ ಶಾಂತಿಸಾಗರರನ್ನು, ಶೇಡಬಾಳದಲ್ಲಿ 1925ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾನಂದರನ್ನು, ಸದಲಗಾದಲ್ಲಿ 1946ರಲ್ಲಿ ಹುಟ್ಟಿ 2024ರಲ್ಲಿ ಸಮಾಧಿಸ್ಥರಾದ ಆಚಾರ್ಯ ವಿದ್ಯಾಸಾಗರರನ್ನು ಪಡೆದ ನೆಲ ಇದು. ಅಂಥವರು ಮುನಿಗಳಾಗುವ ಮೊದಲು ಇಂಥವೇ ಊರುಗಳಲ್ಲಿ ದನ-ಕರು, ಹಕ್ಕಿ-ಪಕ್ಕಿಗಳ ನಡುವೆ ಬೆಳೆದರು. ಅವರ ಹೆಸರನ್ನು ಹೇಳಿಕೊಳ್ಳುವ ಮನೆಗಳಲ್ಲಿ ವ್ರತವನ್ನು ಹಿಡಿಯುವಾಗ ಒಂದು ಮಾತನ್ನು ಸಂಕಲ್ಪದಲ್ಲಿ ಸೇರಿಸಿಕೊಳ್ಳಬಹುದು: ಈ ಉಪವಾಸವು ತನ್ನದು, ಇದರ ಹಸಿವು ತನ್ನ ಹೊಟ್ಟೆಯನ್ನು ಬಿಟ್ಟು ಬೇರಾವ ಹೊಟ್ಟೆಗೂ ತಾಗದಿರಲಿ.

ಆ ತೋಟದ ಮನೆಯಲ್ಲಿ ಮೊಮ್ಮಗನ ಪ್ರಶ್ನೆಗೆ ಅಜ್ಜನು ಏನು ಹೇಳಬೇಕು? ಮಾತಿನ ಉತ್ತರ ಅವಶ್ಯವಿಲ್ಲ. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಅವಧಿಯಿದೆ. ಅವನು ತಾನೇ ಎದ್ದು ಹೋಗಿ ಗೂಟದ ಹಗ್ಗವನ್ನು ಬಿಚ್ಚಿ, ಶೋಧಿಸಿದ ನೀರನ್ನು ಬೋಗುಣಿಯಲ್ಲಿ ಇಡಲಿ. ಮಗುವಿನ ಪಾಲಿನ ಹಾಲಿನಲ್ಲಿ ಅರ್ಧವನ್ನು ಮಗುವಿನ ಕೈಯಿಂದಲೇ ಹಾಕಿಸಲಿ. ಬಳಿಕ ಸೊಸೆಯನ್ನು ಕರೆದು, "ತಪ್ಪು ನಂದವ್ವಾ, ನಿಂದಲ್ಲ" ಎನ್ನಲಿ. ಅನಂತರ ಸಂಜೆಯ ಸಾಮಾಯಿಕಕ್ಕೆ ಕುಳಿತು, ಬೆಳಗಿನ ದೋಷಕ್ಕೆ ಪ್ರತಿಕ್ರಮಣ ಮಾಡಿಕೊಳ್ಳಲಿ. ನಾಯಿ ಮತ್ತೆ ಒಳಗೆ ಬಂದು ಮಣೆಯ ಬಳಿ ಮಲಗಿದರೆ ಮಲಗಲಿ.